‘ನಾಳಿ ಬರ್ರಿ’ ಎನ್ನುವ ಅಂಗಡಿಗಳಿಗೆ ಒಂದು ಮಾತು

2025ರ ಮೇ 15ರಂದು ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಹೊರಟಿತು. ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗ ಮುಗಿದು ಕುಕನೂರು, ಯಲಬುರ್ಗಾ, ಕುಷ್ಟಗಿ ಹಳಿಗೆ ಸೇರಿದವು. ಕೊಪ್ಪಳಕ್ಕೆ ರೈಲು ಹಳೆಯದು, ಗಂಗಾವತಿಗೆ 2019ರಲ್ಲಿ ಬಂತು. ಈಗ ಕೊಪ್ಪಳ ಜಿಲ್ಲೆಯ ದೊಡ್ಡ ಪೇಟೆಗಳಿಗೆಲ್ಲ ರೈಲಿದೆ. ಆ ಖುಷಿ ನಮಗೂ ಇದೆ. ಆದರೆ ಹೋಗುವಾಗ ಆ ರೈಲು ಯಾರನ್ನು ಕೂರಿಸಿಕೊಂಡು ಹೋಗುತ್ತದೆ ಎಂಬುದನ್ನು ನಮ್ಮ ಪೇಟೆಯವರು ಇನ್ನೂ ಲೆಕ್ಕ ಹಾಕಿದಂತಿಲ್ಲ.

ನಮ್ಮ ಮನೆಯ ಮಿಕ್ಸಿ ಕೆಟ್ಟಾಗ ಊರಿನ ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಎರಡು ದಿನ ಅಂದಿದ್ದರು. ಮೂರನೆಯ ದಿನ ಹೋದರೆ ಕೌಂಟರಿನ ಹುಡುಗ ಮೊಬೈಲಿನಿಂದ ಕಣ್ಣೆತ್ತದೆ, ‘ಮಾಲಕ್ರು ಇಲ್ರಿ, ನಾಳಿ ಬರ್ರಿ’ ಅಂದ. ಮತ್ತೆ ಎರಡು ಸಲ ಹೋದೆ, ಅದೇ ಮಾತು. ನಾವು ಕೊಟ್ಟ ದಿನ ದಾರದಿಂದ ಕಟ್ಟಿದ್ದ ಚೀಟಿ ಹಾಗೇ ಇತ್ತು. ಮಿಕ್ಸಿಯನ್ನು ಬಿಚ್ಚಿಯೂ ನೋಡಿರಲಿಲ್ಲ. ಸುಮ್ಮನೆ ಎತ್ತಿಕೊಂಡು ಬಂದೆ. ಹುಬ್ಬಳ್ಳಿಗೆ ಹೊರಟಿದ್ದ ಪಕ್ಕದ ಮನೆಯವರ ಚೀಲದಲ್ಲಿ ಅದೂ ಹೋಯಿತು, ಸರಿಯಾಗಿ ಬಂತು. ಆ ಅಂಗಡಿಯ ಮಾಲೀಕರು ಈಗಲೂ ದಾರಿಯಲ್ಲಿ ಸಿಕ್ಕಾಗ ನಕ್ಕು, ‘ಆರಾಮ್ರಿ?’ ಎಂದು ಕೇಳುತ್ತಾರೆ. ನಾನೂ ಆರಾಮ ಎನ್ನುತ್ತೇನೆ. ಒಬ್ಬ ಗಿರಾಕಿ ಕಳೆದುಹೋದದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ನಾವು ಎಚ್ಚರಿಸಬೇಕೆಂದಿರುವುದು ಇಷ್ಟೇ. ಬೈದು ಹೋದ ಗಿರಾಕಿ ಮತ್ತೆ ಬಂದಾನು, ಅವನಿಗೆ ಇನ್ನೂ ನಿಮ್ಮ ಮೇಲೆ ಆಸೆ ಇದೆ. ಸುಮ್ಮನೆ ಹೋದವನು ಹೋದ. ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಅವನು ನಾಲ್ಕನೆಯ ಸಲವೂ ಬರುತ್ತಿದ್ದ. ಆ ಬರುವಿಕೆಯನ್ನೇ ನಮ್ಮ ಪೇಟೆ ನಂಬಿಕೆ ಎಂದು ತಿಳಿದುಕೊಂಡಿತ್ತು. ಕನ್ನಡಕ, ಸ್ಕ್ಯಾನಿಂಗ್, ಮದುವೆ ಜವಳಿ, ಫೋಟೊ ಆಲ್ಬಮ್, ಕೋಚಿಂಗ್, ಎಲ್ಲದಕ್ಕೂ ಈಗ ಹುಬ್ಬಳ್ಳಿಯ ಟಿಕೆಟ್ ಕೈಗೆಟಕುವ ದರದಲ್ಲಿದೆ.

ಸೇವೆ ಮಾರುವವರ ಕಷ್ಟ ಸರಕು ಮಾರುವವರಿಗಿಂತ ದೊಡ್ಡದು. ಗಂಗಾವತಿಯ ಮಿಲ್ಲಿನಲ್ಲಿ ಸೋನಾ ಮಸೂರಿಗೆ ಇವತ್ತು ದರ ಇಲ್ಲದಿದ್ದರೆ ಗೋದಾಮಿನಲ್ಲಿ ಕಾಯುತ್ತದೆ, ಅಕ್ಕಿ ಹಳೆಯದಾದಷ್ಟೂ ರುಚಿ. ಕಿನ್ನಾಳದ ಗೊಂಬೆ ಈ ಜಾತ್ರೆಯಲ್ಲಿ ಹೋಗದಿದ್ದರೆ ಮುಂದಿನದರಲ್ಲಿ ಹೋದೀತು. ಆದರೆ ಕುಷ್ಟಗಿಯ ಹೆದ್ದಾರಿ ಬದಿಯ ಲಾಡ್ಜಿನಲ್ಲಿ ಈ ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರಲು ಬರುವುದಿಲ್ಲ. ಡಾಕ್ಟರ ಖಾಲಿ ಮಧ್ಯಾಹ್ನ, ಕಟಿಂಗ್ ಅಂಗಡಿಯ ಖಾಲಿ ಕುರ್ಚಿ, ಖಾನಾವಳಿಯ ಖಾಲಿ ಟೇಬಲ್ಲು, ಎಲ್ಲ ಅವತ್ತೇ ಮುಗಿದುಹೋಗುವಂಥವು.

ಹಾಗಿದ್ದೂ ಹಣ ಹೋಗುವುದು ಎಲ್ಲಿಗೆ? ಶುಭಾರಂಭಕ್ಕೆ. ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸು, ಬಾಳೆಕಂಬ, ಧ್ವನಿವರ್ಧಕ, ಈಗ ರೀಲ್ಸು ಕೂಡ. ಆರು ತಿಂಗಳಾದ ಮೇಲೆ ಅದೇ ಫ್ಲೆಕ್ಸಿನ ನಂಬರಿಗೆ ಫೋನ್ ಮಾಡಿ, ಎತ್ತುವವರಿಲ್ಲ. ಪ್ರಚಾರ ಗಿರಾಕಿಯನ್ನು ಒಂದು ಸಲ ಮೆಟ್ಟಿಲು ಹತ್ತಿಸುತ್ತದೆ. ಎರಡನೆಯ ಸಲ ಹತ್ತಿಸಬೇಕಾದವನು ಕೌಂಟರಿನ ಹುಡುಗ. ಅವನಿಗೆ ನಮ್ಮ ಪೇಟೆ ಕೊಟ್ಟಿರುವುದು ಕಡಿಮೆ ಸಂಬಳ, ಹನ್ನೆರಡು ತಾಸಿನ ದುಡಿಮೆ ಮತ್ತು ಬೈಗುಳ. ಆರಿದ ದೋಸೆ ಬದಲಿಸಿ ಕೊಡಲು ಅವನು ಗಲ್ಲಾದ ಕಡೆ ನೋಡಬೇಕು, ಐವತ್ತು ರೂಪಾಯಿ ವಾಪಸು ಕೊಡಲು ಮಾಲೀಕರಿಗೆ ಫೋನ್ ಮಾಡಬೇಕು. ಅಷ್ಟರಲ್ಲಿ ಉಣ್ಣಲು ಬಂದವನ ಮನಸ್ಸು ಎದ್ದು ಹೋಗಿರುತ್ತದೆ. ತಪ್ಪು ಹುಡುಗನದಲ್ಲ. ಸಣ್ಣ ತಪ್ಪನ್ನು ಅಲ್ಲೇ ಸರಿಪಡಿಸುವ ಅಧಿಕಾರ ಅವನ ಕೈಗೆ ಕೊಡದ ಮಾಲೀಕರದು.

ಗಂಗಾವತಿ ಕಡೆ ಗಂಡಾಂತರ ಇನ್ನೊಂದು ಬಗೆಯದು. ಅಲ್ಲಿ ಗಿರಾಕಿ ಹೋಗುತ್ತಿಲ್ಲ, ಬರುತ್ತಿದ್ದಾನೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಉತ್ತರ ಭಾರತದಿಂದಲೂ ಜನ ಬರುತ್ತಾರೆ. 2022–23ರ ರಾಜ್ಯ ಬಜೆಟ್ಟಿನಲ್ಲಿ ಈ ಬೆಟ್ಟಕ್ಕೆ 100 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಆನೆಗೊಂದಿ, ಸಾಣಾಪುರ ಸುತ್ತ ಹೋಂಸ್ಟೇಗಳು ಎದ್ದಿವೆ. ಆದರೆ ಬುನಾದಿ ಸರಿಯಿಲ್ಲದ ವ್ಯಾಪಾರದ ಗತಿಯನ್ನು ಇದೇ ನೆಲ ಒಮ್ಮೆ ಕಂಡಿದೆ. 2020ರ ಫೆಬ್ರುವರಿಯಲ್ಲಿ ಅಕ್ರಮ ಕಟ್ಟಡಗಳ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ವಿರುಪಾಪುರಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಐದು ವರ್ಷದ ನಂತರ, 2025ರ ಮಾರ್ಚ್ 6ರ ರಾತ್ರಿ, ಸಾಣಾಪುರದ ಬಳಿ ಕಾಲುವೆಯ ದಡದಲ್ಲಿ ನಕ್ಷತ್ರ ನೋಡುತ್ತ ಕುಳಿತಿದ್ದವರ ಮೇಲೆ ದಾಳಿಯಾಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು, ಒಡಿಶಾದ ಯುವಕನೊಬ್ಬ ಜೀವ ಕಳೆದುಕೊಂಡ. ದಾಳಿಗೊಳಗಾದವರಲ್ಲಿ ಹೆಚ್ಚಿನವರು ನಮ್ಮೂರಿಗೆ ಅತಿಥಿಗಳಾಗಿ ಬಂದವರು. ಅತಿಥಿಗೆ ಕೊಡಬೇಕಾದ ಮೊದಲ ಸೇವೆ ಹಾಸಿಗೆಯೂ ಅಲ್ಲ, ತಿಂಡಿಯೂ ಅಲ್ಲ, ಜೀವದ ಭದ್ರತೆ. ಕತ್ತಲಾದ ಮೇಲೆ ಎಲ್ಲಿಗೆ ಹೋಗಬಾರದು, ಹೊಳೆಯ ಸೆಳವು ಎಲ್ಲಿ ಜೋರು, ಪೊಲೀಸ್ ಠಾಣೆ ಎಷ್ಟು ದೂರ ಎಂಬುದನ್ನು ಕೀಲಿ ಕೊಡುವಾಗಲೇ ಹೇಳದ ಹೋಂಸ್ಟೇ ಬಾಗಿಲು ತೆರೆಯಲು ಯೋಗ್ಯವಲ್ಲ.

ಕಾನೂನೂ ಬದಲಾಗಿದೆ. 2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಅಂದರೆ ಸಾಣಾಪುರದಲ್ಲಿ ಮೋಸಹೋದವನು ಬೆಂಗಳೂರಿನಲ್ಲಿ ಕೇಸು ಹಾಕಿದರೆ, ಮಾಲೀಕರೇ ಅಲ್ಲಿಗೆ ಅಲೆಯಬೇಕಾದೀತು. ದೂರು ಹೇಳಲು 1915 ಗ್ರಾಹಕ ಸಹಾಯವಾಣಿಗೆ ಒಂದು ಕರೆ ಸಾಕು ಎಂದು ತಿಳಿದ ಗಿರಾಕಿಗಳು ದಿನೇದಿನೇ ಹೆಚ್ಚುತ್ತಿದ್ದಾರೆ.

ಸೇವೆ ಎಂದರೇನು ಎಂದು ನಮಗೆ ಹೊರಗಿನವರು ಬಂದು ಕಲಿಸಬೇಕಿಲ್ಲ. ಜನವರಿಯ ಗವಿಮಠದ ಜಾತ್ರೆಯಲ್ಲಿ ಯಲಬುರ್ಗಾ, ಕುಷ್ಟಗಿ ಸೀಮೆಯ ಹಳ್ಳಿಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಕೊಪ್ಪಳಕ್ಕೆ ಬರುತ್ತದೆ. ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ಬಡಿಸುವವನು ಸಾರಿನ ಬಕೆಟ್ಟು ಹಿಡಿದು ಪ್ರತಿ ತಾಟಿನ ಮುಂದೆ ಬಗ್ಗಿ, ‘ಇನ್ನೊಂಚೂರು ಹಾಕ್ಲೇನ್ರಿ?’ ಎಂದು ಕೇಳುತ್ತಾನೆ. ನಾಳಿ ಬರ್ರಿ ಎಂದು ಅಲ್ಲಿ ಯಾರೂ ಹೇಳಿದ್ದು ನಾವು ಕೇಳಿಲ್ಲ. ಅಲ್ಲಿ ಬಡಿಸುವವರಲ್ಲಿ ಎಷ್ಟೋ ಜನ ಇದೇ ಪೇಟೆಯ ಅಂಗಡಿಕಾರರು. ಜಾತ್ರೆ ಮುಗಿದು ಶಟರ್ ಎತ್ತಿದ ಕೂಡಲೇ ಆ ದನಿ ಎಲ್ಲಿ ಹೋಗುತ್ತದೋ!

ಮಾಲೀಕರಲ್ಲಿ ನಮ್ಮ ಕೋರಿಕೆ ಒಂದೇ. ಈ ವಾರ ಹೋದ ವರ್ಷದ ಬಿಲ್ ಪುಸ್ತಕ ತೆಗೆಯಿರಿ. ಆಗ ಬರುತ್ತಿದ್ದು ಈಗ ಬರದಿರುವ ಹತ್ತು ಜನರ ಹೆಸರು ಬರೆದುಕೊಳ್ಳಿ. ನೀವೇ ಫೋನ್ ಮಾಡಿ, ಯಾಕೆ ಬಿಟ್ಟಿರಿ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ, ಎದುರುತ್ತರ ಕೊಡಬೇಡಿ. ಈ ಕೆಲಸ ಬೇಗ ಆಗಬೇಕು. ಹಳಿ ಕುಷ್ಟಗಿಗೇ ನಿಲ್ಲುವುದಿಲ್ಲ, ಲಿಂಗಸುಗೂರು, ಸುರಪುರ ದಾಟಿ ವಾಡಿಗೆ ಮುಟ್ಟಲಿದೆ.