ಪುಟ್ಟ, ಚಿಕ್ಕ, ಸಣ್ಣ: ಅಲ್ಪಾರ್ಥಕ ವಿಶೇಷಣಗಳ ಅರ್ಥವ್ಯಾಪ್ತಿ

ಲ್ಯಾಟಿನ್ ಭಾಷೆಯಲ್ಲಿ ಗುಣವಾಚಕಗಳಿಗೂ ಅಲ್ಪಾರ್ಥಕ ಪ್ರತ್ಯಯ ಹತ್ತುತ್ತದೆ. ದೀನ ಎಂಬರ್ಥದ 'ಮಿಸೆರ್' ಪದವು 'ಮಿಸೆಲ್ಲುಸ್' ಆದಾಗ ದೈನ್ಯವೇನೂ ಕಡಿಮೆಯಾಗುವುದಿಲ್ಲ. ಆಡುವವನ ಮರುಕ ಅದರೊಡನೆ ಕೂಡಿಕೊಳ್ಳುತ್ತದೆ. ಕ್ರಿ.ಪೂ. 1ನೆಯ ಶತಮಾನದ ಕವಿ ಕಟುಲ್ಲುಸ್ ಪ್ರೇಯಸಿಯ ಸತ್ತ ಗುಬ್ಬಿಗೆ ಈ ರೂಪವನ್ನು ಬಳಸಿದ. ಅದೇ ಕಾಲದ ಸಿಸೆರೊ ತನ್ನ ವೈರಿ ಕ್ಲೋಡಿಯುಸ್ ಪುಲ್ಕೆರನ ಹೆಸರಿನಲ್ಲಿದ್ದ 'ಸುಂದರ' ಎಂಬರ್ಥದ ಪದವನ್ನು 'ಪುಲ್ಕೆಲ್ಲುಸ್' ಎಂದು ಕಿರಿದುಗೊಳಿಸಿ ಗೇಲಿ ಮಾಡಿದ. ಪಾಣಿನಿಗೂ ಈ ಇಬ್ಬಗೆ ತಿಳಿದಿತ್ತು. ಅಷ್ಟಾಧ್ಯಾಯಿಯ 5ನೆಯ ಅಧ್ಯಾಯದ 3ನೆಯ ಪಾದದಲ್ಲಿ ಕುತ್ಸೆ, ಅನುಕಂಪೆ, ಅಲ್ಪತೆ, ಹ್ರಸ್ವತೆಗಳಿಗೆ ಬೇರೆಬೇರೆ ಸೂತ್ರಗಳಿವೆ.

ಕನ್ನಡದ ಗುಣವಾಚಕಗಳಿಗೆ ಇಂತಹ ಪ್ರತ್ಯಯವಿಲ್ಲ. ಆದ್ದರಿಂದಲೇ ಶಾಲಾ ವ್ಯಾಕರಣಗಳು ಪುಟ್ಟ, ಚಿಕ್ಕ, ಸಣ್ಣ, ಕಿರು ಎಂಬವನ್ನು ಸಮಾನಾರ್ಥಕಗಳೆಂಬಂತೆ ಒಂದೇ ಸಾಲಿನಲ್ಲಿ ಪಟ್ಟಿಮಾಡಿ ಮುಂದೆ ಸಾಗುತ್ತವೆ. ಇದು ಒಪ್ಪತಕ್ಕ ಕ್ರಮವಲ್ಲ. ಲ್ಯಾಟಿನ್ನಿನಲ್ಲಿ ಒಂದೇ ಪ್ರತ್ಯಯ ಹೊರುವ ಭಾವಗಳನ್ನು ಕನ್ನಡ ಬೇರೆಬೇರೆ ಪದಗಳಿಗೆ ಹಂಚಿದೆ. 'ಸಣ್ಣ ಮನಸ್ಸು' ಎಂದರೆ ನಿಂದೆ, 'ಪುಟ್ಟ ಮನಸ್ಸು' ಎಂದರೆ ಮಗುವಿನದು. 'ಸಣ್ಣತನ' ಉಂಟು, ಹೀನಬುದ್ಧಿ ಎಂಬರ್ಥದಲ್ಲಿ 'ಪುಟ್ಟತನ' ಇಲ್ಲ. ಆದರೂ ಸಣ್ಣ ಎಂಬುದು ಸದಾ ಹೀನಾರ್ಥಕವಲ್ಲ: ಸಣ್ಣಕ್ಕಿಯಲ್ಲಿ ಅದು ಹೆಚ್ಚುಗಾರಿಕೆಯೇ ಸರಿ. 'ಚಿಕ್ಕ' ಮುಖ್ಯವಾಗಿ ವಯಸ್ಸಿನ ಪದ. ಚಿಕ್ಕಪ್ಪನು ಅಪ್ಪನಿಗಿಂತ ಎತ್ತರವಿದ್ದರೂ ಚಿಕ್ಕಪ್ಪನೇ. ಕಿರುನಗೆ, ಕಿರುಗೆಜ್ಜೆಗಳಲ್ಲಿ ನವುರಾಗಿದ್ದ 'ಕಿರು' ಕಿರುಸಾಲ, ಕಿರುಚಿತ್ರ ಮೊದಲಾದ ಹೊಸ ಪದಗಳಲ್ಲಿ ಬರಿಯ ಅಳತೆಯಾಗಿದೆ.

ಹಾಸನ ಸೀಮೆಯ ವ್ಯಕ್ತಿನಾಮಗಳು ಈ ವಿಷಯದಲ್ಲಿ ಶ್ರೀಮಂತ ಆಕರ. ಪುಟ್ಟೇಗೌಡ, ಚಿಕ್ಕೇಗೌಡ, ಸಣ್ಣೇಗೌಡರ ಎದುರಿಗೆ ದೊಡ್ಡೇಗೌಡರಿದ್ದಾರೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರ ಹೆಸರಿನ 'ಡಿ' ಆ ದೊಡ್ಡೇಗೌಡರೇ. ಎಂಬತ್ತರ ಮುದುಕನೂ ಪುಟ್ಟೇಗೌಡನಾಗಿಯೇ ಉಳಿಯುತ್ತಾನೆ. ಮಲೆನಾಡಿನ ಕುಪ್ಪಳಿಯ ಪುಟ್ಟಪ್ಪನವರ ಹೆಸರಿನಲ್ಲಿ ಇಂದು ಯಾರಿಗೂ ಕಿರಿತನ ಕೇಳಿಸದು. ಲ್ಯಾಟಿನ್ನಿನ 'ಬೆಲ್ಲುಸ್' ಪದಕ್ಕೂ ಇದೇ ಗತಿ: 'ಒಳ್ಳೆಯ' ಎಂಬುದರ ಅಲ್ಪಾರ್ಥಕವಾಗಿ ಹುಟ್ಟಿದ ಅದು ಇಟಾಲಿಯನ್ನಿನ 'ಬೆಲ್ಲೊ' ಆಗುವ ಹೊತ್ತಿಗೆ 'ಸುಂದರ' ಎಂದಷ್ಟೇ ಉಳಿದಿತ್ತು.

ಈ ಭೇದಗಳನ್ನು ಗುರುತಿಸದಿದ್ದರೆ ಹೆಚ್ಚು ನಷ್ಟ ಅನುವಾದಕ್ಕೆ. 1861ರಲ್ಲಿಯೇ ಬೆಂಗಳೂರಿನಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಅಚ್ಚಾಗಿತ್ತು. ಅಂದಿನಿಂದಲೂ ಪ್ರಶ್ನೆ ಅದೇ. ಕಟುಲ್ಲುಸನ ಗುಬ್ಬಿಯನ್ನು 'ಸಣ್ಣ ದೀನ ಗುಬ್ಬಿ' ಎಂದರೆ ಕೆಡುತ್ತದೆ. 'ಪಾಪ, ಪುಟ್ಟ ಗುಬ್ಬಿ' ಎಂದರೆ ನಿಲ್ಲುತ್ತದೆ. ನಿಘಂಟುಗಳು ಈ ಪದಗಳಿಗೆ ಅರ್ಥದ ಜೊತೆಗೆ ಭಾವವನ್ನೂ ನಮೂದಿಸತಕ್ಕದ್ದು.

ಅದಕ್ಕೆ ಕ್ಷೇತ್ರಕಾರ್ಯ ಬೇಕು. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಸಂಗೀತಕ್ಕೂ ಆರ್. ಶಾಮಶಾಸ್ತ್ರಿಗಳ ವಿದ್ವತ್ತಿಗೂ ಹೆಸರಾದ ಊರು. ಭಾಷಾಭ್ಯಾಸಿಗಳಿಗೂ ಅದು ಒದಗಬಲ್ಲದು. ಅಲ್ಲಿನ ಸಂಕೇತಿಗಳ ಮನೆಮಾತು ತಮಿಳು–ಮಲಯಾಳಗಳಿಗೆ ಹತ್ತಿರದ್ದು, ಕನ್ನಡ ಅದರೊಳಗೆ ದಟ್ಟವಾಗಿ ಬೆರೆತಿದೆ. ಎರಡೂ ಮಾತುಗಳನ್ನು ಬಲ್ಲ ಅಜ್ಜಿ ಮೊಮ್ಮಗುವನ್ನು ಮುದ್ದಿಸುವಾಗ ಯಾವುದರ ಪದ ನಾಲಗೆಗೆ ಬರುತ್ತದೆ, ಗದರುವಾಗ ಯಾವುದರದು ಎಂಬುದನ್ನು ಆ ತಲೆಮಾರು ಇರುವಾಗಲೇ ದಾಖಲಿಸಬೇಕಾಗಿದೆ.