ಹೋಗಿ ಬಂದವರ ಸುಳ್ಳು

ಕಳೆದ ಆಗಸ್ಟಿನಲ್ಲಿ ನಾನು ಓದುವ ಕಾಲೇಜಿನಲ್ಲಿ ನನಗೊಂದು ಸನ್ಮಾನವಾಯಿತು. ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಆರು ವಾರದ ಬೇಸಿಗೆ ಕೋರ್ಸು ಮುಗಿಸಿ ಬಂದದ್ದೇ ನನ್ನ ಸಾಧನೆ. ಶಾಲು, ಹಣ್ಣಿನ ಬುಟ್ಟಿ ಆದ ಮೇಲೆ ಮೈಕು ಕೈಗೆ ಬಂತು. ನೆಕ್ಕರ್ ನದಿಯ ಫೋಟೊ ತೋರಿಸಿದೆ. ರಾತ್ರಿ ಒಂಬತ್ತೂವರೆಗೂ ಬೆಳಕಿರುವ ಆಕಾಶ ತೋರಿಸಿದೆ. ಅಲ್ಲಿ ರೈಲು ಗಡಿಯಾರ ನೋಡಿಕೊಂಡು ಬರುತ್ತದೆ ಎಂದೆ. ನಾವು ಬಾಸೆಲಿಗೆ ಹೊರಟ ದಿನ ರೈಲು ಒಂದು ಗಂಟೆ ತಡವಾಗಿತ್ತು ಎಂಬುದನ್ನು ಹೇಳಲಿಲ್ಲ. ಕೊನೆಗೆ, ಈ ಆರು ವಾರ ನನ್ನ ಬದುಕನ್ನೇ ಬದಲಿಸಿತು ಎಂದೆ. ಚಪ್ಪಾಳೆ ಬಿತ್ತು.

ಸಭೆ ಮುಗಿದ ಮೇಲೆ ಮೊದಲ ವರ್ಷದ ಎಂ.ಎ. ಹುಡುಗಿಯೊಬ್ಬಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಕ್ಕ, ಒಟ್ಟು ಖರ್ಚು ಎಷ್ಟಾಯ್ತು?"

"ಸ್ಕಾಲರ್‌ಶಿಪ್ ಇತ್ತಲ್ಲ, ಹೆಚ್ಚೇನೂ ಆಗ್ಲಿಲ್ಲ" ಎಂದೆ.

ಈ ಲೇಖನ ಆ ಒಂದು ವಾಕ್ಯಕ್ಕೆ ತಿದ್ದುಪಡಿ. ಸ್ಕಾಲರ್‌ಶಿಪ್ ಇದ್ದದ್ದು ಕೋರ್ಸಿನ ಶುಲ್ಕಕ್ಕೆ ಮಾತ್ರ. ವಿಮಾನದ ಟಿಕೆಟ್, ವೀಸಾ, ವಿಮೆ, ರೂಮಿನ ಬಾಡಿಗೆ, ಊಟ ಎಲ್ಲ ಸೇರಿ ಎರಡು ಲಕ್ಷ ದಾಟಿತು. ಅದಕ್ಕಾಗಿ ಅಮ್ಮನ ನಾಲ್ಕು ಬಳೆ ನಮ್ಮೂರಿನ ಸೊಸೈಟಿಯಲ್ಲಿ ಅಡವು ಕೂತವು. ಇದನ್ನು ಬರೆಯುವಾಗಲೂ ಅಲ್ಲೇ ಇವೆ.

ಹೊರದೇಶಕ್ಕೆ ಹೋಗಿ ಬಂದ ವಿದ್ಯಾರ್ಥಿಗಳು ನಾವು ಸಾಮಾನ್ಯವಾಗಿ ಎರಡು ಭಾಷಣಗಳಲ್ಲಿ ಒಂದನ್ನು ಮಾಡುತ್ತೇವೆ. ಮೊದಲನೆಯದು "ಅಲ್ಲಿ ಎಲ್ಲವೂ ಎಷ್ಟು ಚಂದ, ಇಲ್ಲಿ ಏನೂ ಇಲ್ಲ" ಎಂಬ ಭಾಷಣ. ಎರಡನೆಯದು "ಅಲ್ಲಿ ಎಲ್ಲ ಇದೆ, ಆದರೆ ಪ್ರೀತಿ ಇಲ್ಲ, ಕೊನೆಗೆ ನಮ್ಮ ಮಣ್ಣೇ ನಮಗೆ ಚಂದ" ಎಂಬ ಭಾಷಣ. ಮೊದಲನೆಯದನ್ನು ಕಾಲೇಜಿನಲ್ಲಿ, ಎರಡನೆಯದನ್ನು ಮದುವೆಮನೆಯಲ್ಲಿ ಮಾಡುತ್ತೇವೆ. ಎರಡೂ ಒಂದೇ ಸೋಮಾರಿತನದ ಮಕ್ಕಳು. ಅಲ್ಲಿ ನಾನು ಏನು ಓದಿದೆ, ಎಷ್ಟು ಓದಿದೆ, ಅದರಲ್ಲಿ ಎಷ್ಟು ತಲೆಗೆ ಹತ್ತಿತು ಎಂಬ ಪ್ರಶ್ನೆಯಿಂದ ಎರಡೂ ನಮ್ಮನ್ನು ಪಾರುಮಾಡುತ್ತವೆ.

ಹೊರಗೆ ಹೋಗಿ ಬಂದು ಬರೆಯುವುದು ಕನ್ನಡಕ್ಕೆ ಹೊಸದಲ್ಲ. ಗೋಕಾಕರ 'ಸಮುದ್ರದಾಚೆಯಿಂದ' ಇದೆ, ಕಾರಂತರ 'ಅಪೂರ್ವ ಪಶ್ಚಿಮ' ಇದೆ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ಇದೆ. ಅವರು ಕಂಡದ್ದನ್ನು ಬರೆದರು. ನಾವು ಹೋಗಿ ಬಂದದ್ದು ಸಾರ್ಥಕವಾಯಿತು ಎಂಬ ಸರ್ಟಿಫಿಕೇಟನ್ನು ನಮಗೆ ನಾವೇ ಬರೆದುಕೊಳ್ಳುತ್ತಿದ್ದೇವೆ.

ಯಾಕೆ? ಹೆಮ್ಮೆಗೆ ಅಂತ ನಾನೂ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ನಮ್ಮ ಸುಳ್ಳಿನ ಬೇರು ಸಾಲದಲ್ಲಿದೆ. ಮನೆಯವರು ಬಳೆ ಅಡವಿಟ್ಟು ಕಳಿಸಿರುವಾಗ, "ಆರು ವಾರದಲ್ಲಿ ಎರಡು ವಾರ ನೆಗಡಿಯಲ್ಲಿ ಮಲಗಿದ್ದೆ, ಒಂದು ವಾರ ಮನೆ ನೆನೆದು ಅತ್ತೆ" ಎಂದು ಹೇಳುವುದು ಹೇಗೆ? ಆಗಸ್ಟ್ ಮೊದಲ ವಾರ, ಧೋ ಎಂದು ಸುರಿಯುವ ಆಟಿಯ ಮಳೆಯಲ್ಲಿ ಮನೆ ಸೇರಿದಾಗ ಅಮ್ಮ ಪತ್ರೊಡೆ ಮಾಡಿಟ್ಟಿದ್ದಳು. ತಟ್ಟೆ ಮುಂದಿಟ್ಟು ಕೇಳಿದ್ದು ಒಂದೇ ಮಾತು: "ಹೋದದ್ದಕ್ಕೆ ಪ್ರಯೋಜನ ಆಯ್ತಲ್ಲ ಮಗಾ?" ಆಯ್ತು ಎಂದೆ. ಬೇರೆ ಏನು ಹೇಳಲಿ? ಮನೆಯಲ್ಲಿ ಆಡಿದ ಆ ಮಾತು ಮರ್ಯಾದೆಯ ಮಾತು. ಅದೇ ಮಾತನ್ನು ಕಾಲೇಜಿನ ಮೈಕಿನಲ್ಲಿ ಆಡಿದಾಗ ಅದು ಇನ್ನೊಬ್ಬಳ ಮನೆಯ ಬಂಗಾರಕ್ಕೆ ಕೈ ಹಾಕುತ್ತದೆ. ಸನ್ಮಾನವಾದ ಹತ್ತು ದಿನಕ್ಕೆ ಆ ಹುಡುಗಿ ಮತ್ತೆ ಸಿಕ್ಕಿ ಹೇಳಿದಳು: "ಅಮ್ಮ ಸರ ಅಡವಿಡ್ತೇನೆ ಅಂದ್ರು ಅಕ್ಕ, ನೀವು ಹೇಳಿದ್ದು ಕೇಳಿ ಧೈರ್ಯ ಬಂತು."

ಹಾಗಾಗಿ ಈಗ ಲೆಕ್ಕ ಒಪ್ಪಿಸುತ್ತೇನೆ. ನಿಜವಾಗಿ ಸಿಕ್ಕಿದ್ದು ಒಂದು: ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹವನ್ನು ಓದುವ ಮೊದಲ ಪಾಠ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಬಾಸೆಲ್ ಮಿಶನ್ನಿನವರು ತಮ್ಮ ಊರಿಗೆ ಬರೆದ ಪತ್ರ, ವರದಿಗಳ ರಾಶಿ ಇರುವುದು ಈ ಬರಹದಲ್ಲಿ. ಇಂದಿನ ಜರ್ಮನರಲ್ಲೇ ಹೆಚ್ಚಿನವರಿಗೆ ಅದನ್ನು ಓದಲು ಬಾರದು. ನಮ್ಮಲ್ಲಿ ಕಲಿಸುವವರು ಸಿಗುವುದು ಕಷ್ಟ. ಇದಕ್ಕಾಗಿ ಹೋದದ್ದು ಸರಿ, ಇನ್ನೊಮ್ಮೆಯಾದರೂ ಹೋಗುತ್ತೇನೆ. ಅರ್ಧ ಸಿಕ್ಕಿದ್ದು ಜರ್ಮನ್ ಭಾಷೆ. ಮಂಗಳೂರಿನ ಸಂಜೆ ತರಗತಿಯಲ್ಲಿ ಒಂದು ವರ್ಷ ಕಲಿತದ್ದರ ಮೇಲೆ ಆರು ವಾರದಲ್ಲಿ ಸೇರಿದ್ದು ಅಂಗಡಿಯಲ್ಲಿ ತಡವರಿಸದೆ ಬ್ರೆಡ್ ಕೊಳ್ಳುವಷ್ಟು. ಸಿಗದೇ ಇದ್ದದ್ದು, ನಾನು ಭಾಷಣದಲ್ಲಿ ಹೇಳಿದ 'ಜಾಗತಿಕ ದೃಷ್ಟಿಕೋನ'. ಅದು ಏನು ಅಂತ ಈಗಲೂ ಗೊತ್ತಿಲ್ಲ.

ಇನ್ನೊಂದು ಸಿಕ್ಕಿತು. ಅದು ನಾಚಿಕೆ. ಮೊದಲ ವಾರವೇ ಮೇಷ್ಟ್ರು ಊರು ಕೇಳಿದರು. ಮಂಗಳೂರು ಎಂದೆ. ಅವರ ಮುಖ ಅರಳಿತು. ಟ್ಯೂಬಿಂಗನ್ನಿಗೆ ಮಂಗಳೂರು ಅಪರಿಚಿತ ಹೆಸರಲ್ಲ: 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಮೋಗ್ಲಿಂಗ್‌ಗೆ ಅಲ್ಲಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿದೆ, ಕಿಟೆಲ್ 1903ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. "ಹಾಗಾದರೆ ಬಲ್ಮಠದ ಥಿಯಲಾಜಿಕಲ್ ಕಾಲೇಜಿನ ಸಂಗ್ರಹ ನೀವು ನೋಡಿರಬೇಕು, ಮಿಶನ್ ಪ್ರೆಸ್ಸಿನ ಪುಸ್ತಕಗಳಲ್ಲಿ ಅಲ್ಲಿ ಯಾವುದೆಲ್ಲ ಉಳಿದಿವೆ?" ಎಂದು ಕೇಳಿದರು.

ನಾನು ನೋಡಿರಲಿಲ್ಲ. ಬಿ.ಸಿ. ರೋಡಿನಿಂದ ಬರುವ ನನ್ನ ಬಸ್ಸು ಐದು ವರ್ಷ ದಿನಕ್ಕೆರಡು ಬಾರಿ ಜ್ಯೋತಿ ಸರ್ಕಲ್ ದಾಟಿದೆ. ಬಲ್ಮಠ ಅಲ್ಲೇ ಇದೆ. ಇಳಿದು ಒಳಗೆ ಹೋಗಬೇಕು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಕನ್ನಡ ಸಾಹಿತ್ಯ ಓದುವ ಹುಡುಗಿ ನಾನು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮದೇ ಮಂಗಳೂರಿನಲ್ಲಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು.

ಮುಂದೆ ಬಾಸೆಲಿನಲ್ಲಿ ಎರಡು ದಿನ ಹಳೆಯ ಪತ್ರಗಳ ಮುಂದೆ ಕೂತಾಗ ಇನ್ನೊಂದು ಗೊತ್ತಾಯಿತು. ಜರ್ಮನ್ ಚೆನ್ನಾಗಿ ಬಲ್ಲ ಸಹಪಾಠಿಗಳು ಊರು, ಜಾತಿ, ಭೂತಸ್ಥಾನದ ಹೆಸರು ಬಂದಲ್ಲೆಲ್ಲ ನಿಂತುಬಿಡುತ್ತಿದ್ದರು. ಜರ್ಮನ್ ಕಿವಿಗೆ ಕೇಳಿದಂತೆ ಬರೆದ ತುಳು ಹೆಸರುಗಳವು. ನಾನು ಬಾಯಿಬಿಟ್ಟು ಓದಿದರೆ ಗುರುತು ಸಿಗುತ್ತಿತ್ತು. ಆ ಕೋಣೆಯಲ್ಲಿ ನನಗೆ ಬೆಲೆ ಬಂದದ್ದು ಮನೆಯಿಂದ ಕೊಂಡುಹೋದ ಭಾಷೆಯಿಂದ. ಇನ್ನಷ್ಟು ಕೊಂಡುಹೋಗಿದ್ದರೆ, ಅಂದರೆ ಬಲ್ಮಠದಲ್ಲಿ ಮೊದಲು ಒಂದು ತಿಂಗಳು ಕೂತು ಹೋಗಿದ್ದರೆ, ಆ ಎರಡು ದಿನದಲ್ಲಿ ಏನು ಹುಡುಕಬೇಕು ಎಂದಾದರೂ ತಿಳಿದಿರುತ್ತಿತ್ತು.

ಹಾಗಾದರೆ ಯಾರೂ ಹೊರಗೆ ಹೋಗಬಾರದೇ ಎಂದು ಕೇಳುವವರಿದ್ದಾರೆ. ಬಾವಿಯ ಕಪ್ಪೆಯಾಗಿರಿ ಎಂದು ನಾನು ಹೇಳುತ್ತಿಲ್ಲ. ಹೋಗದೇ ಇದ್ದಿದ್ದರೆ ಬಲ್ಮಠದ ಪ್ರಶ್ನೆಯನ್ನು ನನಗೆ ಯಾರೂ ಕೇಳುತ್ತಲೇ ಇರಲಿಲ್ಲ, ಅದೂ ನಿಜ. ಆದರೆ ಆ ಪ್ರಶ್ನೆಯನ್ನು ಕೇಳಲು ಜರ್ಮನಿಯ ಮೇಷ್ಟ್ರೇ ಯಾಕೆ ಬೇಕಾಯಿತು? ಐದು ವರ್ಷದಲ್ಲಿ ನಮ್ಮ ತರಗತಿಯನ್ನು ಒಂದು ದಿನ ಆ ಬಸ್‌ಸ್ಟಾಪಿನಲ್ಲಿ ಇಳಿಸಲು ಆಗಲಿಲ್ಲವೇ? ನಮ್ಮ ಕಾಲೇಜುಗಳಿಗೆ ವಿದೇಶಕ್ಕೆ ಹೋದ ವಿದ್ಯಾರ್ಥಿಯ ಫೋಟೊ ಬೇಕು, ಪ್ರಾಸ್ಪೆಕ್ಟಸ್ಸಿನಲ್ಲಿ ಹಾಕಲು. ಪಕ್ಕದ ಕಟ್ಟಡಕ್ಕೆ ಹೋದವರ ಫೋಟೊ ಯಾರಿಗೂ ಬೇಡ.

ಕಿಟೆಲ್ ಈ ನಾಡಿಗೆ ಬಂದದ್ದು 1853ರಲ್ಲಿ. ನಿಘಂಟು ಬಂದದ್ದು 1894ರಲ್ಲಿ. ನಡುವೆ ತಮ್ಮ ದೇಶಕ್ಕೆ ಹೋಗಿ ಬಂದದ್ದೂ ಸೇರಿ 41 ವರ್ಷ. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಆ ಬಗ್ಗೆ ಜಗಳ ಇದ್ದರೆ ಇರಲಿ. ಆದರೆ ಬೇರೆಯವರ ನಾಡನ್ನು ತಿಳಿಯಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ ಅದು ಒಂದು ಅಳತೆ. ನಾವು ಆರು ವಾರಕ್ಕೆ ಹೋಗಿ ಬಂದು ಯುರೋಪಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತೇವೆ.

ನನ್ನ ಬೇಡಿಕೆ ದೊಡ್ಡದಲ್ಲ. ಹೋಗಿ ಬಂದವರ ಭಾಷಣದಲ್ಲಿ ಮೂರು ಸಂಗತಿ ಕಡ್ಡಾಯವಾಗಲಿ: ಒಟ್ಟು ಖರ್ಚು ಎಷ್ಟು, ಅದನ್ನು ಕೊಟ್ಟವರು ಯಾರು, ಇಲ್ಲಿ ಕಲಿಯಲು ಸಾಧ್ಯವೇ ಇಲ್ಲದ ಯಾವುದನ್ನು ಅಲ್ಲಿ ಕಲಿತಿರಿ. ಮೂರನೆಯದಕ್ಕೆ ಉತ್ತರ ಇಲ್ಲದವರು ಪ್ರವಾಸ ಹೋಗಿ ಬಂದೆ ಎನ್ನಲಿ. ಪ್ರವಾಸ ಕೆಟ್ಟದ್ದೇನೂ ಅಲ್ಲ, ಆದರೆ ಅದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ. ಕಳಿಸುವ ಕಾಲೇಜುಗಳೂ ಶಿಫಾರಸು ಪತ್ರಕ್ಕೆ ಸಹಿ ಹಾಕುವ ಮೊದಲು, ನಿನ್ನ ವಿಷಯಕ್ಕೆ ಸಂಬಂಧಪಟ್ಟದ್ದು ಈ ಜಿಲ್ಲೆಯಲ್ಲಿ ಎಲ್ಲೆಲ್ಲಿದೆ, ಅದರಲ್ಲಿ ಯಾವುದನ್ನು ನೋಡಿದ್ದೀ ಎಂದು ಕೇಳಲಿ.

ಸೆಪ್ಟೆಂಬರಿನಲ್ಲಿ ನಾನು ಬಲ್ಮಠದಲ್ಲಿ ಇಳಿದೆ. ಬಂದ ಕಾರಣ ಹೇಳಿದೆ, ಓದಲು ಜಾಗ ಕೊಟ್ಟರು. ಅಲ್ಲಿಂದ ಹೊರಬಂದವಳು ಆ ಹುಡುಗಿಗೆ ಫೋನು ಮಾಡಿ, ಖರ್ಚಿನ ಲೆಕ್ಕವನ್ನು ಸಾಲುಸಾಲಾಗಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವತ್ತೇ ಹೇಳ್ಬಹುದಿತ್ತಲ್ಲ ಅಕ್ಕ" ಎಂದಳು.

ಹೇಳಬಹುದಿತ್ತು. ಅವಳಿಗೆ ಈಗಲೂ ಹೋಗುವ ಆಸೆ ಇದೆ, ಇರಲಿ. ಅದಕ್ಕೆ ಮೊದಲು ಬರುವ ಶನಿವಾರ ಇಬ್ಬರೂ ಬಲ್ಮಠಕ್ಕೆ ಹೋಗುತ್ತಿದ್ದೇವೆ.