ಹೆರಿ ಎನ್ನುವ ಮೊದಲು ಸಾಕುವ ಖರ್ಚಿನ ಮಾತಾಗಲಿ



ದಕ್ಷಿಣದ ರಾಜ್ಯಗಳ ದಂಪತಿಗಳು ಹೆಚ್ಚು ಮಕ್ಕಳನ್ನು ಹೆರಬೇಕೆಂಬ ಕರೆ 2024ರ ಅಕ್ಟೋಬರ್‌ನಿಂದ ಈಚೆಗೆ ಸಾರ್ವಜನಿಕ ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಆಂಧ್ರಪ್ರದೇಶದ ಮುಖ್ಯಮಂತ್ರಿ ಎನ್. ಚಂದ್ರಬಾಬು ನಾಯ್ಡು ಅವರು ವೃದ್ಧರ ಪ್ರಮಾಣ ಏರುತ್ತಿರುವುದನ್ನು ಮುಂದಿಟ್ಟು ಈ ಕರೆ ಕೊಟ್ಟರೆ, ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ಲೋಕಸಭಾ ಕ್ಷೇತ್ರಗಳ ಪುನರ್ವಿಂಗಡಣೆಯ ಆತಂಕದಿಂದ, ಕೂಡಲೇ ಮಕ್ಕಳನ್ನು ಪಡೆಯುವಂತೆ 2025ರ ಮಾರ್ಚ್‌ನಲ್ಲಿ ನವದಂಪತಿಗಳಿಗೆ ಹೇಳಿದರು. ಇಬ್ಬರ ಆತಂಕಕ್ಕೂ ಆಧಾರವಿದೆ; ಆದರೆ ಅದಕ್ಕೆ ಅವರು ಸೂಚಿಸಿದ ಪರಿಹಾರ ಒಪ್ಪುವಂಥದ್ದಲ್ಲ, ಕರ್ನಾಟಕದ ರಾಜಕಾರಣ ಅದೇ ಧಾಟಿಯನ್ನು ಹಿಡಿಯಲೂಬಾರದು.

ಒಬ್ಬ ಮಹಿಳೆ ತನ್ನ ಹೆರುವ ವಯಸ್ಸಿನುದ್ದಕ್ಕೂ ಇಂದಿನ ಪ್ರಮಾಣದಲ್ಲೇ ಹೆತ್ತರೆ ಆಕೆಗೆ ಸರಾಸರಿ ಎಷ್ಟು ಮಕ್ಕಳಾಗುತ್ತಾರೆ ಎಂಬ ಲೆಕ್ಕಕ್ಕೆ ಒಟ್ಟು ಫಲವತ್ತತೆ ದರ ಎನ್ನುತ್ತಾರೆ. ವಲಸೆಯನ್ನು ಬದಿಗಿಟ್ಟರೆ, ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಲು ಈ ದರ 2.1ರ ಆಸುಪಾಸಿನಲ್ಲಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದರ 2.0, ಬಿಹಾರದ್ದು 3.0, ಕರ್ನಾಟಕದ್ದು 1.7. ಇದು ಒಂದೆರಡು ವರ್ಷಗಳಲ್ಲಿ ಆದ ಇಳಿಕೆಯಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಮುಂದಾಗಿತ್ತು. ಸ್ವಾತಂತ್ರ್ಯಾನಂತರ ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಘೋಷಣೆ ಊರೂರಿನ ಗೋಡೆಗಳ ಮೇಲೆ ಮೂಡಿತು. ಆ ಘೋಷಣೆಯ ಭಾರವನ್ನು ಹೊತ್ತವರು ಯಾರೆಂಬುದನ್ನೂ ಅದೇ ಸಮೀಕ್ಷೆ ಹೇಳುತ್ತದೆ: ರಾಜ್ಯದ ಸಂತಾನವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಪುರುಷರ ಶಸ್ತ್ರಚಿಕಿತ್ಸೆಯ ಪ್ರಮಾಣ ಇಲ್ಲವೆನ್ನುವಷ್ಟು ಕಡಿಮೆ. ಸಾಕು ಎಂದಾಗ ಆಪರೇಷನ್ ಮೇಜಿನ ಮೇಲೆ ಮಲಗಿದ ಹೆಣ್ಣುಮಕ್ಕಳ ಮನೆಯವರೇ ಈಗ ಬೇಕು ಎಂಬ ಕರೆಗೂ ಓಗೊಡಬೇಕೆಂಬುದು ನ್ಯಾಯವಲ್ಲ.

ಪುನರ್ವಿಂಗಡಣೆಯ ವಾದವಂತೂ ಲೆಕ್ಕಕ್ಕೇ ನಿಲ್ಲುವುದಿಲ್ಲ. ರಾಜ್ಯಗಳ ನಡುವಿನ ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿದ್ದು 1976ರ 42ನೇ ಸಂವಿಧಾನ ತಿದ್ದುಪಡಿ, ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿದ್ದು 84ನೇ ತಿದ್ದುಪಡಿ. ರಾಜ್ಯಗಳ ಜನಸಂಖ್ಯೆಯ ನಡುವೆ ಐದು ದಶಕಗಳಲ್ಲಿ ಬೆಳೆದ ಅಂತರ ಇದು. ಇಂದು ಮದುವೆಯಾದವರು ನಾಳೆ ಹೆತ್ತರೂ ಅದು ತುಂಬುವುದಿಲ್ಲ. ಸ್ಥಾನ ಹಂಚಿಕೆಯ ಅನ್ಯಾಯವನ್ನು ಸಂಸತ್ತಿನಲ್ಲಿ, ಸಂವಿಧಾನದ ಚೌಕಟ್ಟಿನಲ್ಲಿ ಪ್ರಶ್ನಿಸಬೇಕೇ ಹೊರತು ಅದರ ಪರಿಹಾರವನ್ನು ಹೆರಿಗೆ ವಾರ್ಡಿನಲ್ಲಿ ಹುಡುಕಬಾರದು.

ಜನ ಎರಡನೆಯ ಮಗುವಿಗೂ ಹಿಂದೆಮುಂದೆ ನೋಡುತ್ತಿರುವುದೇಕೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಖರ್ಚು ಹೆರಿಗೆಯಿಂದಲೇ ಆರಂಭವಾಗುತ್ತದೆ. ರಾಜ್ಯದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸೇರಿಯನ್ ಎಂಬುದು ಮೇಲಿನ ಸಮೀಕ್ಷೆಯಲ್ಲೇ ಇದೆ. ನಿಜವಾದ ಕಷ್ಟ ಆಮೇಲಿನದು. ಸಂಘಟಿತ ವಲಯದ ಉದ್ಯೋಗಸ್ಥೆಗೆ 2017ರ ತಿದ್ದುಪಡಿಯಿಂದ ದೊರೆತ ಹೆರಿಗೆ ರಜೆ 26 ವಾರ, ಎಂದರೆ ಆರು ತಿಂಗಳು. ಅಂಗನವಾಡಿ ಮಗುವನ್ನು ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಸಿಗುವುದು ಮನೆಗೆ ಒಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ. ನಡುವಿನ ಎರಡೂವರೆ ವರ್ಷ ಆ ಮಗುವನ್ನು ನೋಡಿಕೊಳ್ಳುವವರು ಯಾರು? 50 ಮತ್ತು ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ನಡೆಸಬೇಕೆಂದು ಕಾನೂನು ಹೇಳುತ್ತದಾದರೂ, ಸಣ್ಣ ಅಂಗಡಿಯಲ್ಲಿ, ಮನೆಗೆಲಸದಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯುವ ತಾಯಿ ಅದರ ಹೊರಗೇ ಉಳಿಯುತ್ತಾಳೆ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ಎದೆಹಾಲು ಬಿಡಿಸಿದ ಕೂಸನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು, ಹಬ್ಬಕ್ಕೊಮ್ಮೆ ಹೋಗಿ ನೋಡಿ ಬರುತ್ತಾರೆ. ಅಜ್ಜಿಯಿಲ್ಲದವಳು ಕೆಲಸ ಬಿಡುತ್ತಾಳೆ. ಆ ಸಂಬಳದ ನಷ್ಟವೂ ಮಗುವಿನ ಖರ್ಚೇ, ಅದು ಯಾರ ಲೆಕ್ಕದ ಪುಸ್ತಕಕ್ಕೂ ಬರುವುದಿಲ್ಲ.

ಶಾಲೆಯ ವಿಷಯ ಎಲ್ಲರಿಗೂ ತಿಳಿದದ್ದೇ. ಜೂನ್ ಬಂತೆಂದರೆ ಶುಲ್ಕದ ಮೊದಲ ಕಂತು, ವ್ಯಾನ್ ಬಾಡಿಗೆ, ಶಾಲೆಯ ಕೌಂಟರಿನಲ್ಲೇ ಕೊಳ್ಳಬೇಕಾದ ನೋಟ್‌ಬುಕ್ಕು, ಎರಡು ಬಗೆಯ ಸಮವಸ್ತ್ರ, ಕರಿ ಬೂಟಿನ ಜೊತೆಗೆ ಶನಿವಾರಕ್ಕೆ ಬೇರೆ ಬಿಳಿ ಬೂಟು ಎಂದು ಎಲ್‌ಕೆಜಿ ಮಗುವಿನ ಮನೆಯಲ್ಲೂ ಚೀಟಿ ಬೆಳೆಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆಂದಿದ್ದ ಶೇ 25 ಸೀಟುಗಳನ್ನು, ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರದಲ್ಲಿದ್ದರೆ ಕೊಡಬೇಕಿಲ್ಲವೆಂದು ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು. ಸರ್ಕಾರಿ ಶಾಲೆ ಉಳಿಯಬೇಕೆಂಬ ಆಶಯ ಸರಿಯೇ. ಆದರೆ ಹೆತ್ತವರು ನಂಬಿ ಕಳುಹಿಸುವಷ್ಟು ಶಿಕ್ಷಕರನ್ನು ಆ ಶಾಲೆಗಳಿಗೆ ಕೊಡದೆ ಈ ಬಾಗಿಲನ್ನಷ್ಟೇ ಮುಚ್ಚಿದರೆ ಉಳಿಯುವುದು ಸಾಲದ ದಾರಿಯೊಂದೇ.

ಇಷ್ಟರ ಮೇಲೂ ಕಾನೂನು ಇಬ್ಬರು ಮಕ್ಕಳ ಕಾಲದಲ್ಲೇ ನಿಂತಿದೆ. ಇಬ್ಬರು ಮಕ್ಕಳಿರುವ ತಾಯಿಗೆ ಮುಂದಿನ ಹೆರಿಗೆಯ ರಜೆ 26ರಿಂದ 12 ವಾರಕ್ಕೆ ಇಳಿಯುತ್ತದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಕೇಂದ್ರದ ಮಾತೃವಂದನಾ ಯೋಜನೆ ಮೊದಲ ಮಗುವಿಗೆ 5,000 ರೂಪಾಯಿ ಕೊಡುತ್ತದೆ, ಎರಡನೆಯದಕ್ಕೆ ಕೊಡುವುದು ಅದು ಹೆಣ್ಣಾದರೆ ಮಾತ್ರ.

ಹಣ ಹಂಚಿ ಜನನ ದರ ಏರಿಸಹೊರಟ ದಕ್ಷಿಣ ಕೊರಿಯಾದಲ್ಲಿ, ಖಾಸಗಿ ಟ್ಯೂಷನ್ ಮತ್ತು ಮನೆಯ ಬೆಲೆಯ ಹೊರೆ ಹಾಗೆಯೇ ಉಳಿದು, 2023ರಲ್ಲಿ ಫಲವತ್ತತೆ ದರ 0.72ಕ್ಕೆ ಕುಸಿಯಿತು. ಶಿಶುಪಾಲನೆಗೆ ಹೆಸರಾದ ಫಿನ್‌ಲೆಂಡ್‌ನಲ್ಲೂ ಅದೇ ವರ್ಷ ಅದು 1.3ಕ್ಕಿಂತ ಕೆಳಗಿತ್ತು ಎಂಬುದನ್ನು ಮರೆಮಾಚಬೇಕಿಲ್ಲ. ಶಿಶುಪಾಲನಾ ಕೇಂದ್ರಗಳನ್ನು ತೆರೆದ ಮಾತ್ರಕ್ಕೆ ತೊಟ್ಟಿಲು ತುಂಬುತ್ತವೆಂದು ಯಾರೂ ಭರವಸೆ ಕೊಡಲಾರರು. ಹುಟ್ಟಿರುವ ಮಗುವಿಗೆ ಆರೈಕೆ, ಹೆತ್ತವಳಿಗೆ ದುಡಿಯುವ ಅವಕಾಶ ಸಿಗಬೇಕಾದದ್ದು ಜನಸಂಖ್ಯೆಯ ಗುರಿಗಾಗಿ ಅಲ್ಲ, ಅವು ಅವರಿಗೆ ಸಲ್ಲಬೇಕಾದವು ಎಂಬ ಕಾರಣಕ್ಕಾಗಿ.

ನರೇಗಾ ಕೂಲಿಕಾರ್ಮಿಕರ ಚಿಕ್ಕ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು 2023ರಲ್ಲಿ ಹೊರಟ ಕರ್ನಾಟಕಕ್ಕೆ ದಾರಿ ಗೊತ್ತಿಲ್ಲವೆಂದೇನೂ ಇಲ್ಲ. ಆ ವ್ಯವಸ್ಥೆ ಪಟ್ಟಣಗಳ ವಾರ್ಡುಗಳಿಗೂ, ತಾಯಂದಿರ ಪಾಳಿಯ ಹೊತ್ತಿಗೆ ಸರಿಹೊಂದುವಂತೆ ಬರಬೇಕು. ಅಲ್ಲಿ ದುಡಿಯುವವರಿಗೆ ಗೌರವಧನದ ಬದಲು ಸಂಬಳ ಸಿಗಬೇಕು. ಹೆರಿಗೆ ರಜೆಯ ವೇತನ ಮಾಲೀಕರೊಬ್ಬರ ತಲೆಗೇ ಬಿದ್ದು ಅವರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಸೇರಿಸಲು ಹಿಂಜರಿಯದಂತೆ ಸಾಮಾನ್ಯ ನಿಧಿಯೊಂದು ಇರಬೇಕು. ಮಕ್ಕಳ ಸಂಖ್ಯೆಯ ಬಗ್ಗೆ ಮಾತನಾಡಲಿರುವ ರಾಜ್ಯದ ಶಾಸಕರು ಮೊದಲು ಈ ಮೂರಕ್ಕೆ ಮುಂದಿನ ಬಜೆಟ್‌ನಲ್ಲಿ ಹಣ ಕೇಳಲಿ.

— ಓದುಗರೊಬ್ಬರು, ಮೈಸೂರು